ಒಂದೇ ತಾಳ



ಬಳ್ಳಾರಿಗೆ ಸಮೀಪದ ಮೋಕ ಗ್ರಾಮದಲ್ಲಿ ಸಂಜೆ ಒಂದು ಮನೆಯ ವಿದ್ಯುದ್ದೀಪ ಬೆಳಗುತ್ತಿದೆಯೆಂದು ಭಾವಿಸಿರಿ. ಅದರ ತಂತಿಯಲ್ಲಿ ವಿದ್ಯುತ್ಪ್ರವಾಹವು ಸೆಕೆಂಡಿಗೆ 50 ಸಾರಿ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತದೆ. ಕುಡತಿನಿಯ ಉಗಿಯಂತ್ರವೂ, ದೂರದ ಹಿಮಾಲಯದ ನದಿ ತಿರುಗಿಸುವ ಯಂತ್ರವೂ ಇದೇ ತಾಳವನ್ನು ಹಿಡಿದಿವೆ. ಇಷ್ಟು ಯಂತ್ರಗಳಿಗೆ ತಾಳ ಹಾಕುವವರು ಯಾರು? ಯಾರೂ ಅಲ್ಲ, ಅವು ತಮ್ಮತಮ್ಮಲ್ಲೇ ಹೊಂದಿಕೊಳ್ಳುತ್ತವೆ.

1665ರಲ್ಲಿ ಹಾಲೆಂಡಿನ ಹೈಗನ್ಸನು ಒಂದೇ ತೊಲೆಗೆ ತೂಗುಹಾಕಿದ ಎರಡು ಗಡಿಯಾರಗಳನ್ನು ಗಮನಿಸಿದನು. ಅರ್ಧ ಗಂಟೆಯೊಳಗೆ ಅವುಗಳ ಲೋಲಕಗಳು ಒಂದು ಬಲಕ್ಕೆ ಹೋದಾಗ ಇನ್ನೊಂದು ಎಡಕ್ಕೆ ಹೋಗುವಂತೆ ಹೊಂದಿಕೊಂಡುವು. ತೊಲೆಯ ಸೂಕ್ಷ್ಮ ಕಂಪನವೇ ಅವುಗಳ ನಂಟು. ವಿದ್ಯುದ್ಯಂತ್ರಗಳಿಗೆ ತಂತಿಯೇ ಆ ತೊಲೆ. ಮುಂದೋಡುವ ಯಂತ್ರದ ಮೇಲೆ ಹೆಚ್ಚು ಹೊರೆ ಬಿದ್ದು ಅದರ ವೇಗ ತಗ್ಗುವುದು. ಹಿಂದುಳಿದುದನ್ನು ಉಳಿದವು ಎಳೆದುಕೊಳ್ಳುವುವು. ಆದರೆ ಈ ನಂಟು ಯಂತ್ರಗಳ ಪರಸ್ಪರ ಭೇದಕ್ಕಿಂತ ಬಲವಾಗಿರಬೇಕು. ಇಲ್ಲವಾದರೆ ತಾಳ ತಪ್ಪುವುದು.

2012ರ ಜುಲೈ 30 ಮತ್ತು 31ರಂದು ಆದುದು ಇದೇ. ಹೊರೆ ಹೆಚ್ಚಿದ ಕೊಂಡಿಗಳು ಕಳಚಿ, ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಭಾಗಗಳು ಒಟ್ಟಿಗೆ ಕತ್ತಲಾದುವು. ದಕ್ಷಿಣಕ್ಕೆ ಆ ವಿಪತ್ತು ತಗುಲಲಿಲ್ಲ. ಅಂದು ನಮಗಿದ್ದುದು ಏಕಮುಖ ಪ್ರವಾಹದ ಕೊಂಡಿ. ಅದು ಶಕ್ತಿಯನ್ನು ದಾಟಿಸುವುದು, ತಾಳವನ್ನು ದಾಟಿಸದು.

ಹಾಗಾದರೆ ದೂರವಿರುವುದೇ ಲೇಸಲ್ಲವೆ? ಆದರೂ 2013ರ ಡಿಸೆಂಬರ್ 31ರಂದು, ನೆರೆಯ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣವು ದೇಶದ ತಾಳವನ್ನು ಸೇರಿತು.

ಸೇರಿದುದರ ಫಲ 2020ರ ಏಪ್ರಿಲ್ 5ರ ರಾತ್ರಿ ತಿಳಿಯಿತು. ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ದೇಶದ ಜನರು ದೀಪಗಳನ್ನು ಆರಿಸಿದರು. ಸುಮಾರು 31,000 ಮೆಗಾವಾಟ್ ಬೇಡಿಕೆ ಹಠಾತ್ತಾಗಿ ಇಳಿದು, ಮತ್ತೆ ಏರಿತು. ಹೊರಗಿನಿಂದ ಬಂದ ಈ ನೂಕನ್ನು ಯಂತ್ರಗಳೆಲ್ಲ ಹಂಚಿಕೊಂಡುವು. ಜಲವಿದ್ಯುದಾಗಾರಗಳನ್ನು ಸಿಬ್ಬಂದಿಯು ಬೇಗಬೇಗನೆ ತಗ್ಗಿಸಿ ಏರಿಸಿದರು. ತಾಳವು 50ರ ಆಸುಪಾಸಿನಲ್ಲೇ ನಿಂತಿತು.

ಕೂಡಿ ಬಾಳುವಲ್ಲಿ ಕೂಡಿ ಬೀಳುವ ಭಯವೂ ಉಂಟು. ಅದಕ್ಕೆ ಪರಿಹಾರವೆಂದರೆ ನಂಟನ್ನು ಬಲಪಡಿಸುವುದು, ಎಚ್ಚರದಿಂದಿರುವುದು, ನಂಟನ್ನು ಕಡಿಯುವುದಲ್ಲ. ಮೋಕದ ಗೃಹಿಣಿ ಈ ಸಂಜೆ ಗುಂಡಿಯೊತ್ತಿದಾಗ, ಅಳತೆಗೆ ಸಿಗದಷ್ಟು ಅಲ್ಪವಾದರೂ, ದೇಶದ ಅಷ್ಟೂ ಯಂತ್ರಗಳಿಗೆ ಆ ಹೊರೆ ಮುಟ್ಟುತ್ತದೆ.