ತಂಗಿಗೆ ಬರೆಯದ ಕಾಗದ

ಪರರ ಮನೆ ನೋಡಿದ ಮೇಲೆಯೇ ನಮ್ಮ ಮನೆಯ ರೀತಿ ತಿಳಿಯುವುದು. ಜಪಾನಿನ ಮಾನವಶಾಸ್ತ್ರಜ್ಞೆ ಚಿಯೆ ನಕಾನೆ 1950ರ ದಶಕದಲ್ಲಿ ಭಾರತಕ್ಕೆ ಬಂದು ಗಾರೋ, ಖಾಸಿ ಜನರ ಕುಟುಂಬಗಳನ್ನು ಅಭ್ಯಾಸ ಮಾಡಿದರು. ಆಮೇಲೆ ತಮ್ಮ ನಾಡನ್ನೇ ಹೊಸ ಕಣ್ಣಿನಿಂದ ನೋಡಿ 1967ರಲ್ಲಿ ಪುಸ್ತಕ ಬರೆದರು. ಭಾರತದಲ್ಲಿ ಮದುವೆಯಾಗಿ ಹೋದರೂ ಒಡಹುಟ್ಟಿದವರ ನಂಟು ಗಟ್ಟಿ; ಜಪಾನಿನಲ್ಲಿ ಹೊರಹೋದ ಮಗಳಿಗಿಂತ ಒಳಬಂದ ಸೊಸೆಯೇ ಮನೆಯವಳು. ಕಸುಬು ಕೇಳಿದರೆ ಅಲ್ಲಿಯವರು ಕಂಪನಿಯ ಹೆಸರು ಹೇಳುವರಂತೆ.

ನಾನೂ ಮೂವತ್ತು ವರ್ಷ ‘ಬ್ಯಾಂಕಿನವನು’ ಎಂದೇ ಹೇಳಿಕೊಂಡೆ. ಗಡಿಯಾಚೆಯ ತಂಗಿಗೆ ಕಾಗದ ಬರೆಯಲಿಲ್ಲ. ನಿವೃತ್ತನಾದ ಮರುದಿನ ಕುರ್ಚಿ ಇನ್ನೊಬ್ಬರದಾಯಿತು. ತಂಗಿ ಬುತ್ತಿ ಕಟ್ಟಿಕೊಂಡು ಬಂದಳು. ನೀವು ನಿಮ್ಮ ತಂಗಿಯನ್ನು ನೋಡಿ ಎಷ್ಟು ದಿನವಾಯಿತು?