ಮಣ್ಣಿನ ಮೇಲೋ, ಮಣ್ಣಿನ ಒಳಗೋ?

ರಾಬರ್ಟ್ ಹೂಕ್ 1665ರಲ್ಲಿ ಚಿಗಟವನ್ನು ದೊಡ್ಡದು ಮಾಡಿ ತೋರಿಸಿದ, 1881ರಲ್ಲಿ ಡಾರ್ವಿನ್ ಎರೆಹುಳುವಿನ ಮೇಲೊಂದು ಪುಸ್ತಕವನ್ನೇ ಬರೆದ. ಪುಟ್ಟ ಜೀವಿಗಳನ್ನು ನೋಡಿದ ಚರಿತ್ರೆ ಇಷ್ಟು ಸಾಕು. ನನ್ನ ತಕರಾರು ಬೇರೆಯೇ ಇದೆ.

ನಾವು ಮ್ಯಾಕ್ರೊ ಛಾಯಾಗ್ರಾಹಕರು ಮಣ್ಣಿನ ಜೀವಿಗಳೆಂದು ಹಂಚುವ ಚಿತ್ರಗಳಲ್ಲಿ ಬಹುಪಾಲು ತರಗೆಲೆಯ ಜೀವಿಗಳವು. ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿಯನ್ನೇ ನೋಡಿ. ಆರು ಕಾಲಿದ್ದರೂ ಬಾಯಿ ತಲೆಯೊಳಗೆ ಅಡಗಿರುವುದರಿಂದ ಇಂದು ಹೆಚ್ಚಿನ ತಜ್ಞರು ಇದನ್ನು ಕೀಟಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ತರಗೆಲೆಯಲ್ಲಿರುವವಕ್ಕೆ ಸಾಮಾನ್ಯವಾಗಿ ಬಣ್ಣವಿದೆ, ಕಣ್ಣಿದೆ, ಹೊಟ್ಟೆಯಡಿ ಮಡಚಿಟ್ಟ ಕವಲುಬಾಲವಿದೆ. ಅದನ್ನು ನೆಲಕ್ಕೆ ಬಡಿದು ಚಂಗನೆ ಹಾರುತ್ತವೆ. ಆಳದಲ್ಲಿರುವ ದಾಯಾದಿಗಳು ಬಿಳಿಚಿಕೊಂಡಿವೆ, ಬಹಳಷ್ಟು ಕುರುಡು, ಕಾಲು ಗಿಡ್ಡ. ಎಷ್ಟೋ ಜಾತಿಗಳಿಗೆ ಆ ಬಾಲವೇ ಇಲ್ಲ. ಆ ಇಕ್ಕಟ್ಟಿನಲ್ಲಿ ಹಾರುವುದಾದರೂ ಎಲ್ಲಿಗೆ?

ಪ್ರಾಣಿಶಾಸ್ತ್ರ ಕಲಿಸಿದ ನಮ್ಮ ಮೇಷ್ಟ್ರಿಗೆ ಕ್ಯಾಮೆರಾ ಎಂದರೆ ಅಷ್ಟಕ್ಕಷ್ಟೆ. ಅವರ ನಂಬಿಕೆಯೆಲ್ಲ ಬರ್ಲೇಸಿ ಆಲಿಕೆಯ ಮೇಲೆ. ಜರಡಿಯಲ್ಲಿ ಮಣ್ಣು, ಮೇಲೊಂದು ಬಲ್ಬು, ಕೆಳಗೆ ಆಲ್ಕೊಹಾಲಿನ ಸೀಸೆ. ಮಣ್ಣು ಮೇಲಿನಿಂದ ಒಣಗುತ್ತ ಬಂದಂತೆ ತಂಪು ಹುಡುಕಿ ಕೆಳಗಿಳಿದವು ಸೀಸೆಗೆ ಬೀಳುತ್ತವೆ. "ನೀನು ಮುಖ ನೋಡ್ತೀಯ, ನಾನು ಜನಗಣತಿ ಮಾಡ್ತೀನಿ ಕಣಯ್ಯ," ಎನ್ನುತ್ತಿದ್ದರು. ಸೀಸೆಯಲ್ಲಿ ಕುರುಡನೂ ಬಣ್ಣದವನೂ ಒಂದೇ ಲೆಕ್ಕ. ಆ ನ್ಯಾಯವನ್ನು ನಾನು ಒಪ್ಪುತ್ತೇನೆ.

ಆದರೆ ಸತ್ತವರ ಗಣತಿಯಲ್ಲಿ ಬದುಕು ಸಿಗುವುದಿಲ್ಲ. ದುಂಡನೆಯ ಸ್ಪ್ರಿಂಗ್‌ಟೇಲ್ ಜಾತಿಯೊಂದರ ಗಂಡು ಹೆಣ್ಣು ಹಣೆಗೆ ಹಣೆ ತಾಗಿಸಿ ತಳ್ಳಾಡುವುದನ್ನು, ಶಿಲೀಂಧ್ರದ ಎಳೆ ಮೇಯುವುದನ್ನು ಯಾವ ಸೀಸೆ ತೋರಿಸೀತು? ಹಾಗೆಂದು ನಮ್ಮ ಕ್ಯಾಮೆರಾವೂ ಪಕ್ಷಪಾತಿಯೇ. ಐದು ಪಟ್ಟು ಹಿಗ್ಗಿಸಿದರೆ ಫೋಕಸ್ಸಿಗೆ ಸಿಗುವ ಆಳ ಒಂದು ಮಿಲಿಮೀಟರಿಗಿಂತ ತೀರ ಕಡಿಮೆ. ಮುಖ ಸ್ಪಷ್ಟವಾದರೆ ಬೆನ್ನು ಮಸುಕು. ಹತ್ತಾರು ಫ್ರೇಮುಗಳನ್ನು ಒಂದಾಗಿಸಿ ಇಡೀ ಮೈ ಕಾಣಿಸಬೇಕಾದರೆ ಜೀವಿ ಅಲುಗದೆ ಕೂರಬೇಕು. ಕೂರದಿದ್ದರೆ ತಣ್ಣಗಿಟ್ಟು ಜಡಗೊಳಿಸುವವರಿದ್ದಾರೆ, ಕೊಂದು ಕೂರಿಸುವವರೂ ಇದ್ದಾರೆ. ಹಾಗಾದಾಗ ಮೇಷ್ಟ್ರ ಸೀಸೆಗೂ ನಮ್ಮ ಚಿತ್ರಕ್ಕೂ ಏನು ವ್ಯತ್ಯಾಸ?

'ಕರ್ವಾಲೊ' ಕಾದಂಬರಿ ಓದಿದವರು ನೀವು. ಹಾರುವ ಓತಿ ಕೈಗೆ ಸಿಗಲಿಲ್ಲವೆಂದು ಯಾರೂ ಆ ಹುಡುಕಾಟವನ್ನು ವ್ಯರ್ಥವೆನ್ನಲಿಲ್ಲ. ಆದರೆ ಓತಿ ಹಗಲು ಬೆಳಕಿನ ಪ್ರಾಣಿ. ಬೆಳಕನ್ನೇ ಕಾಣದ ಜೀವಿಯನ್ನು ಅಗೆದು, ಅದರ ಮನೆ ಕೆಡವಿ, ಫ್ಲ್ಯಾಶಿನಡಿ ನಿಲ್ಲಿಸಿ ತೆಗೆದದ್ದು ಮಣ್ಣಿನ ಚಿತ್ರವೋ, ನಾವು ತೋಡಿದ ಗುಂಡಿಯ ಚಿತ್ರವೋ? ಮುಖ ಕಾಣದೆ ಜನರಲ್ಲಿ ಮಮತೆ ಹುಟ್ಟೀತೆ? ಚಂದದ ಮುಖಗಳನ್ನಷ್ಟೇ ನೋಡಿ ಹುಟ್ಟಿದ ಮಮತೆ ಆ ಕುರುಡು ಬಿಳಿಯರ ತನಕ ಇಳಿದೀತೆ?