ನನ್ನ ಬೀರುವಿನೊಳಗೆ ಸಿಕ್ಕ ಯುದ್ಧಕಾಲದ ಮುದ್ರೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಒಂದು ಬೀರುವಿನ ಕಥೆ.

ಕೆಲಸಕ್ಕೆ ಅಂತ ಲಂಡನ್‌ಗೆ ಬಂದಾಗ ನನ್ನ ಹತ್ರ ಇದ್ದದ್ದು ಎರಡು ಸೂಟ್‌ಕೇಸ್. ರೂಮು ಪೂರ್ತಿ ಖಾಲಿ. ಮೂರು ವಾರ ನೆಲದ ಮೇಲೇ ಮಲಗಿದೆ. ಕೊನೆಗೆ ಸೆಕೆಂಡ್‌ಹ್ಯಾಂಡ್ ಅಂಗಡಿಯೊಂದರಲ್ಲಿ ಓಕ್ ಮರದ ಬೀರು ಕೊಂಡೆ. ಬಾಗಿಲು ತೆಗೆದರೆ ಒಳಗೊಂದು ಮುದ್ರೆ: ತುಂಡು ಕತ್ತರಿಸಿದ ಚೀಸ್ ಥರ ಕಾಣುವ ಎರಡು ‘ಸಿ’, ಜೊತೆಗೆ 41. ‘ಯುದ್ಧಕಾಲದ ಸಾಮಾನು, ನಿಮಗಿಂತ ಜಾಸ್ತಿ ಬಾಳುತ್ತೆ’ ಅಂದ ಅಂಗಡಿಯವ.

ಆಮೇಲೆ ಕೂತು ಓದಿದೆ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಲಂಡನ್ ಮೇಲೆ ಸತತವಾಗಿ ಬಾಂಬ್ ಹಾಕೋಕೆ ಶುರು ಮಾಡಿತು. ಲಕ್ಷಗಟ್ಟಲೆ ಮನೆಗಳು ನೆಲಸಮವಾದವು, ಇಲ್ಲವೇ ಹಾಳಾದವು. ಬದುಕಿ ಹೊರಬಂದವರಿಗೆ ಮಂಚ ಇಲ್ಲ, ಮೇಜು ಇಲ್ಲ. ಹೊಸದು ಮಾಡಿಸೋಣ ಅಂದರೆ ಮರ ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಹಡಗುಗಳಿಗೋ ಯುದ್ಧದ್ದೇ ಕೆಲಸ. ಪೀಠೋಪಕರಣ ಮಾಡುತ್ತಿದ್ದ ಎಷ್ಟೋ ಬಡಗಿಗಳು ‘ಮಸ್ಕೀಟೊ’ ಅನ್ನೋ ಮರದ ಯುದ್ಧವಿಮಾನ ಕಟ್ಟುತ್ತಿದ್ದರು. ಹಳೇ ಸಾಮಾನಿನ ಬೆಲೆ ಏರಿತು. ಮನೆ ಕಳಕೊಂಡವರು ಅಂಗಡಿಯವ ಕೇಳಿದಷ್ಟು ಕೊಡಬೇಕು, ಇಲ್ಲಾ ನೆಲದ ಮೇಲೆ ಮಲಗಬೇಕು.

ಆಗ ಸರ್ಕಾರವೇ ನಡುವೆ ಬಂತು. 1942ರಲ್ಲಿ ‘ಯುಟಿಲಿಟಿ ಫರ್ನಿಚರ್’ ಯೋಜನೆ ರೂಪುಗೊಂಡಿತು. ಸಲಹಾ ಸಮಿತಿಯಲ್ಲಿದ್ದ ಗಾರ್ಡನ್ ರಸೆಲ್ ಸ್ವತಃ ಪೀಠೋಪಕರಣ ಮಾಡಿಸುತ್ತಿದ್ದವರು. ಕೆಲವೇ ನಮೂನೆಗಳು, ಗೊತ್ತುಮಾಡಿದ ಬೆಲೆ. ಕೆತ್ತನೆ, ಅಲಂಕಾರ ಇಲ್ಲ. ಆದರೆ ಜೋಡಣೆ ಗಟ್ಟಿ: ಬರೀ ಮೊಳೆ ಹೊಡೆದದ್ದಲ್ಲ, ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಬಿಗಿಯಾಗಿ ಕೂರಿಸಿದ್ದು.

ದುಡ್ಡಿದ್ದರಷ್ಟೇ ಸಾಲದು, ಪರ್ಮಿಟ್ ಬೇಕು. ಅದು ಸಿಗುತ್ತಿದ್ದದ್ದು ಮುಖ್ಯವಾಗಿ ಬಾಂಬಿಗೆ ಮನೆ ಕಳಕೊಂಡವರಿಗೆ ಮತ್ತು ಹೊಸದಾಗಿ ಮದುವೆಯಾದವರಿಗೆ. ಒಂದು ಮನೆಗೆ ಮೊದಲು 60 ಯೂನಿಟ್. ಬೇಡಿಕೆ ಜಾಸ್ತಿಯಾಗಿ ಅದನ್ನೂ 30ಕ್ಕೆ ಇಳಿಸಿದರು. ಮಂಚ ತಗೊಂಡರೆ ಕುರ್ಚಿ ಬಿಡಬೇಕು, ಆ ಥರ ಲೆಕ್ಕ.

ವ್ಯಾಪಾರಿಗಳಿಗೂ ಇದು ಸುಲಭ ಇರಲಿಲ್ಲ. ಲೈಸೆನ್ಸ್ ಸಿಕ್ಕ ಕಾರ್ಖಾನೆಗೆ ಮಾತ್ರ ಮರ. ತನ್ನದೇ ಡಿಸೈನ್ ಮಾಡುವಂತಿಲ್ಲ, ಬಾಯಿಗೆ ಬಂದ ಬೆಲೆ ಹೇಳುವಂತಿಲ್ಲ. ತಲೆಮಾರಿನಿಂದ ಕೈಕೆಲಸ ನಂಬಿದ್ದವನಿಗೆ ಸರ್ಕಾರ ಕೊಟ್ಟ ನಕ್ಷೆ ನೋಡಿಕೊಂಡು ಕೆಲಸ ಮಾಡೋದು ಎಷ್ಟು ಚುಚ್ಚಿರಬೇಡ! ಕೊಂಡವರಲ್ಲೂ ‘ತೀರಾ ಬೋಳುಬೋಳು’ ಅಂತ ಮೂಗು ಮುರಿದವರಿದ್ದರು. ರೇಷನ್ 1948ರಲ್ಲಿ ನಿಂತಿತು, ಯೋಜನೆ 1952ರಲ್ಲಿ ಮುಗಿಯಿತು.

ನನ್ನ ಮೂರು ವಾರದ ಕಷ್ಟ ಹೇಳಿಕೊಳ್ಳೋಕೆ ಈಗ ನಾಚಿಕೆ. ನನ್ನ ಹತ್ರ ದುಡ್ಡಿತ್ತು, ಅಂಗಡೀಲಿ ಸಾಮಾನಿತ್ತು. ಎರಡೂ ಕಮ್ಮಿಯಾದಾಗ ಮೊದಲ ಮಂಚ ಯಾರಿಗೆ? ಜಾಸ್ತಿ ದುಡ್ಡು ಕೊಡುವವನಿಗಾ, ಜಾಸ್ತಿ ಅಗತ್ಯ ಇದ್ದವನಿಗಾ? ನನ್ನ ಬೀರು ಎರಡನೆಯವನಿಗೆ ಅಂತ ಮಾಡಿದ್ದು. ಮೊದಲು ಅದರಲ್ಲಿ ಬಟ್ಟೆ ಇಟ್ಟವರು ಯಾರೋ, ಅವತ್ತು ಅವರ ಹತ್ರ ಎಷ್ಟು ಬಟ್ಟೆ ಉಳಿದಿತ್ತೋ.

ನೀವೇನಂತೀರಿ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.